ಮದುವೆಯ ಬೆಂಕಿ, ದಿಬ್ಬದ ಮನೆ

ಮೈಸೂರಿನ ಹಳೆಯ ಅರಮನೆ ಸುಟ್ಟುಹೋದದ್ದು ರಾಜಕುಮಾರಿಯೊಬ್ಬಳ ಮದುವೆಯ ಸಂಭ್ರಮದಲ್ಲಿ. ಅದರ ಜಾಗದಲ್ಲಿ ಎದ್ದ ಹೊಸ ಅರಮನೆಯನ್ನು ಇಡೀ ಜಗತ್ತು ಬಲ್ಲದು. ಅದೇ ಮದುವೆಯ ವಧುವಿಗಾಗಿ ಕಟ್ಟಿದ ಇನ್ನೊಂದು ಮನೆ ಕುಕ್ಕರಹಳ್ಳಿ ಕೆರೆಯ ಮೇಲಿನ ದಿಬ್ಬದಲ್ಲಿದೆ. 125 ಕೋಣೆ, 300 ಕಿಟಕಿ, 287 ಬಾಗಿಲು. ದಸರೆಗೆ ಬಂದವರಲ್ಲಿ ಅದರ ಹೆಸರು ಗೊತ್ತಿರುವವರು ಎಷ್ಟು ಮಂದಿ?

1897ರ ಫೆಬ್ರವರಿ 28, ಭಾನುವಾರ. ಮೈಸೂರು ಕೋಟೆಯೊಳಗೆ ಮದುವೆಯ ಸಡಗರ. ಹಿರಿಯ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯ ಲಗ್ನಕ್ಕೆಂದು ಅರಮನೆ ಸಿಂಗಾರಗೊಂಡಿತ್ತು. ಅಷ್ಟರಲ್ಲಿ ಬೆಂಕಿ ಬಿತ್ತು.

ಅದು ಮರದ ಅರಮನೆ. ಕಂಬ ಮರದ್ದು, ತೊಲೆ ಮರದ್ದು, ಕೆತ್ತನೆಯ ಬೋದಿಗೆಗಳೂ ಮರದವೇ. 1799ರಲ್ಲಿ ಟಿಪ್ಪು ಮಡಿದು ಒಡೆಯರ ಮನೆತನ ಮತ್ತೆ ಮೈಸೂರಿಗೆ ಬಂದಾಗ ತರಾತುರಿಯಲ್ಲಿ ಕಟ್ಟಲು ಹಿಡಿದು 1803ಕ್ಕೆ ಮುಗಿಸಿದ್ದ ಕಟ್ಟಡ. ತೊಂಬತ್ತಕ್ಕೂ ಹೆಚ್ಚು ಬೇಸಿಗೆಯಲ್ಲಿ ಒಣಗಿದ್ದ ಆ ಮರಕ್ಕೆ ಕಿಚ್ಚು ತಗುಲಿದ ಮೇಲೆ ಆರಿಸುವ ಮಾತೆಲ್ಲಿ? ಅರಮನೆಯ ಬಹುಭಾಗ ಬೂದಿಯಾಯಿತು.

ಮನೆತನಕ್ಕೆ ಅದು ಎರಡನೆಯ ಪೆಟ್ಟು. ಎರಡು ವರ್ಷದ ಹಿಂದಷ್ಟೇ, 1894ರ ಡಿಸೆಂಬರಿನಲ್ಲಿ, ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಕಲ್ಕತ್ತೆಗೆ ಹೋಗಿದ್ದಾಗ ಗಂಟಲುಮಾರಿಗೆ ಬಲಿಯಾಗಿದ್ದರು. ಆಗ ಅವರಿಗೆ ಬರೀ ಮೂವತ್ತೊಂದು ವರ್ಷ. ಪಟ್ಟಕ್ಕೆ ಬರಬೇಕಾದ ಮಗ ಕೃಷ್ಣರಾಜ ಹತ್ತು ವರ್ಷದ ಹುಡುಗ. ರಾಜ್ಯದ ಹೊಣೆ ಹೊತ್ತವರು ತಾಯಿ ಕೆಂಪನಂಜಮ್ಮಣ್ಣಿ, ಜನ ವಾಣಿವಿಲಾಸ ಸನ್ನಿಧಾನ ಎಂದು ಕರೆದ ಮಹಾರಾಣಿ. ಗಂಡನಿಲ್ಲದ ಮನೆಯಲ್ಲಿ ಆಕೆ ಮಾಡಿಸುತ್ತಿದ್ದ ಮಗಳ ಮದುವೆ ಅದು.

ವರ ಬೇರೆ ಯಾರೂ ಅಲ್ಲ, ಆಕೆಯ ತಮ್ಮ ಸರ್ದಾರ್ ಎಂ. ಕಾಂತರಾಜ ಅರಸು. ಹುಡುಗಿಗೆ ಸೋದರಮಾವ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಹೊಸದಲ್ಲ. ಮಗಳು ದೂರದ ಸಂಸ್ಥಾನಕ್ಕೆ ಹೋಗಲಿಲ್ಲ, ಮೈಸೂರಿನಲ್ಲೇ ಉಳಿದಳು. ಆಕೆಗೊಂದು ಮನೆ ಬೇಕಾದದ್ದು ಹೀಗೆ.

ಒಂದು ಬೆಂಕಿ, ಎರಡು ಕಟ್ಟಡ

ಸುಟ್ಟ ಅರಮನೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. ರಾಜಕುಟುಂಬ ಜಗನ್ಮೋಹನ ಅರಮನೆಗೆ ಹೋಯಿತು. ಹೊಸ ಅರಮನೆಯ ಕೆಲಸ ಅದೇ ವರ್ಷ ಆರಂಭವಾಯಿತು. ಶಿಮ್ಲಾದಲ್ಲಿ ವೈಸ್‌ರಾಯ್ ನಿವಾಸ ಕಟ್ಟಿ ಹೆಸರಾಗಿದ್ದ ಹೆನ್ರಿ ಇರ್ವಿನ್ ನಕ್ಷೆ ಬರೆದರು. 1912ಕ್ಕೆ ಕೆಲಸ ಮುಗಿಯಿತು. ಖರ್ಚು ನಲವತ್ತೊಂದು ಲಕ್ಷ ರೂಪಾಯಿ ದಾಟಿತ್ತು.

ಬೆಂಕಿಯ ಪಾಠ ಆ ಅರಮನೆಯ ಮೈಯಲ್ಲೇ ಇದೆ. ಮದುವೆಗಳು ನಡೆಯುವ ಕಲ್ಯಾಣ ಮಂಟಪಕ್ಕೆ ಒಮ್ಮೆ ಹೋಗಿ ತಲೆ ಎತ್ತಿ ನೋಡಿ. ಎಂಟು ಮೂಲೆಯ ಆ ಮಂಟಪಕ್ಕೆ ಎರಕದ ಕಬ್ಬಿಣದ ಕಂಬ, ಮೇಲೆ ಕಬ್ಬಿಣದ ಚೌಕಟ್ಟು, ನಡುವೆ ನವಿಲುಗಳ ಬಣ್ಣದ ಗಾಜು. ಕಬ್ಬಿಣ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಮ್ಯಾಕ್‌ಫರ್ಲೇನ್ ಎರಕದ ಕಾರ್ಖಾನೆಯಿಂದ. ಮದುವೆಯಲ್ಲಿ ಮನೆ ಸುಟ್ಟುಕೊಂಡವರು ಮುಂದಿನ ಮದುವೆಗಳಿಗೆ ಕಬ್ಬಿಣದ ಚಪ್ಪರ ಹಾಕಿಸಿಕೊಂಡರೆಂದೇ ನಾನು ಅದನ್ನು ಓದುತ್ತೇನೆ.

ಅತ್ತ ಕೋಟೆಯೊಳಗೆ ಇರ್ವಿನ್ನರ ಕಲ್ಲುಕುಟಿಗರು ಕೆಲಸದಲ್ಲಿದ್ದಾಗಲೇ ಇತ್ತ ಊರ ಪಶ್ಚಿಮಕ್ಕೆ, ಕುಕ್ಕರಹಳ್ಳಿ ಕೆರೆಯ ಮೇಲಿನ ದಿಬ್ಬದಲ್ಲಿ ಇನ್ನೊಂದು ಕಟ್ಟಡ ಎದ್ದಿತು. 1905ರ ಹೊತ್ತಿಗೆ ಅದು ಸಿದ್ಧವಾಯಿತು. ಸುಮಾರು ಏಳು ಲಕ್ಷ ರೂಪಾಯಿ ತಗುಲಿತು. ಹೆಸರು ಜಯಲಕ್ಷ್ಮೀ ವಿಲಾಸ.

ಇದನ್ನು ಚಾಮರಾಜ ಒಡೆಯರು ಮಗಳಿಗೆ ಕಟ್ಟಿಸಿಕೊಟ್ಟರು ಎಂಬ ಮಾತು ಬಹಳ ಕಡೆ ಅಚ್ಚಾಗಿದೆ. ತಂದೆ ಮಗಳಿಗೆ ಮನೆ ಕಟ್ಟಿಸಿದನೆಂದರೆ ಕೇಳಲು ಚೆಂದ. ಆದರೆ ಮನೆ ಮುಗಿಯುವುದಕ್ಕೆ ಹತ್ತು ವರ್ಷ ಮೊದಲೇ ತಂದೆ ತೀರಿಕೊಂಡಿದ್ದರು. 1902ರ ಆಗಸ್ಟ್‌ವರೆಗೆ ರಾಜ್ಯ ಆಳಿದ್ದು ತಾಯಿ. ಆ ಮೇಲೆ ಪಟ್ಟಕ್ಕೆ ಬಂದದ್ದು ತಮ್ಮ ನಾಲ್ವಡಿ ಕೃಷ್ಣರಾಜ. ಈ ಮನೆಯ ಹಿಂದೆ ಇರುವುದು ತಾಯಿಯ ಮತ್ತು ತಮ್ಮನ ಕಾಲ. ಸತ್ತ ಮಹಾರಾಜರ ಹೆಸರಿನ ನೆರಳಲ್ಲಿ ಎಂಟು ವರ್ಷ ರಾಜ್ಯ ನಡೆಸಿದ ಹೆಣ್ಣಿನ ಕೆಲಸ ಮರೆಯಾಗುವುದು ಸರಿಯಲ್ಲ.

■ ತಂಗಿಯರ ಮನೆಗಳು
*ಜಯಲಕ್ಷ್ಮಮ್ಮಣ್ಣಿಗೆ ಇಬ್ಬರು ತಂಗಿಯರು. ಕೃಷ್ಣಾಜಮ್ಮಣ್ಣಿಯವರಿಗಾಗಿ ಎದ್ದ ಕಾರಂಜಿ ಮ್ಯಾನ್ಷನ್‌ನಲ್ಲಿ ಈಗ ಅಂಚೆ ಇಲಾಖೆಯ ತರಬೇತಿ ಕೇಂದ್ರವಿದೆ. ಕ್ಷಯ ಆಕೆಯನ್ನೂ ಮಕ್ಕಳನ್ನೂ ಕಸಿದುಕೊಂಡಿತು. ಮೈಸೂರಿನವರು ಪಿಕೆಟಿಬಿ ಎಂದು ಕರೆಯುವ ಕ್ಷಯರೋಗ ಆಸ್ಪತ್ರೆಯ ಹೆಸರಿನಲ್ಲಿರುವ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಇವರೇ. ಕಿರಿಯವರಾದ ಚೆಲುವಾಜಮ್ಮಣ್ಣಿಯವರ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ಆರಂಭವಾಯಿತು.*

ಹೊರಗೆ ಇಟಲಿ, ಒಳಗೆ ಮೈಸೂರು

ಈ ಮನೆಯನ್ನು ಮೊದಲು ನೋಡಬೇಕಾದದ್ದು ದೂರದಿಂದ. ಕೆರೆಯ ಏರಿಯ ಮೇಲೆ ನಿಂತರೆ ನೀರಿನಾಚೆಯ ಮರಗಳ ಮೇಲೆ ಅದು ತಲೆ ಎತ್ತಿದ್ದು ಕಾಣುತ್ತದೆ. ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಚಾಚಿದ ಕಟ್ಟಡ. ಮನೆಯ ಕಡೆಯಿಂದ ನೋಡಿದರೆ ಕೆಳಗೆ ಕೆರೆ, ಆಚೆಗೆ ಊರು, ಅದರಾಚೆ ಚಾಮುಂಡಿ ಬೆಟ್ಟ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ ಅದು. ಜಾಗ ಆರಿಸಿದವರಿಗೆ ಕಣ್ಣಿತ್ತು.

ಹತ್ತಿರ ಹೋದಂತೆ ಕಾಣುವುದು ಪೂರಾ ಯುರೋಪು. ಜೋಡಿ ಜೋಡಿಯಾಗಿ ನಿಂತ ಕಂಬಗಳು. ಒಂದು ಬಗೆಯ ಕಂಬದ ತಲೆಯಲ್ಲಿ ಟಗರಿನ ಕೊಂಬಿನಂಥ ಎರಡು ಸುರುಳಿ, ಇದು ಅಯೋನಿಕ್. ಇನ್ನೊಂದರ ತಲೆಯಲ್ಲಿ ಎಲೆಗಳ ಗೊಂಚಲು, ಇದು ಕೊರಿಂಥಿಯನ್. ಉದ್ದುದ್ದ ಕಿಟಕಿಗಳ ಮೇಲೆ ತ್ರಿಕೋನದ ಮುಡಿ. ಗ್ರೀಕರ ಗುಡಿಯಿಂದ ರೋಮಿಗೆ, ರೋಮಿನಿಂದ ಇಟಲಿಯ ಶ್ರೀಮಂತರ ಬಂಗಲೆಗೆ, ಅಲ್ಲಿಂದ ಇಂಗ್ಲೆಂಡಿನ ಜಹಗೀರುದಾರರ ಮನೆಗೆ ಹೋಗಿ ಕೊನೆಗೆ ಕುಕ್ಕರಹಳ್ಳಿಗೆ ಬಂದ ವಿನ್ಯಾಸ ಇದು.

ಆದರೆ ಆ ಗ್ರೀಕ್ ಕಂಬದ ಮೈ ತಟ್ಟಿ ನೋಡಿ. ಒಳಗೆ ಅಮೃತಶಿಲೆಯಿಲ್ಲ. ಸುಟ್ಟ ಇಟ್ಟಿಗೆ, ಮೇಲೆ ಗಾರೆ. ಆ ಎಲೆಗಳನ್ನೂ ಸುರುಳಿಗಳನ್ನೂ ಹಸಿ ಗಾರೆಯಲ್ಲಿ ತಿದ್ದಿ ತೀಡಿದ್ದು ಗಾರೆ ಕೆಲಸದವರ ಕೈ. ದೇವಸ್ಥಾನದ ಗೋಪುರದ ಮೇಲೆ ಯಾಳಿ, ದ್ವಾರಪಾಲಕರನ್ನು ತಿದ್ದಿ ಪಳಗಿದ ಕಸುಬು ಇಲ್ಲಿ ಹೊಸ ಮಾದರಿಯೊಂದನ್ನು ಎದುರಿಟ್ಟುಕೊಂಡು ಕೂತಿತು. ಆ ಕಾಲದ ಮೈಸೂರಿನ ದೊಡ್ಡ ಕಟ್ಟಡಗಳ ಹೊರಮೈಯಲ್ಲಿ ನಕ್ಷೆ ಬರೆದವರ ಜಾಣ್ಮೆಯಷ್ಟೇ ಈ ಹೆಸರಿಲ್ಲದ ಕುಶಲಿಗಳ ಬೆರಳ ಗುರುತೂ ಇದೆ.

ಒಳಗೆ ಕಾಲಿಟ್ಟರೆ ಮನೆ ಭಾಷೆ ಬದಲಿಸುತ್ತದೆ. ಮೂರು ಭಾಗಗಳು, ಒಂದಕ್ಕೊಂದು ಜೋಡಿಸಿಕೊಂಡು ನಿಂತಿವೆ. ನಡುವೆ ಕಲ್ಯಾಣ ಮಂಟಪ. ಅದರ ಮೇಲೆ ಎಂಟು ದಳದ ಗುಮ್ಮಟ, ಗುಮ್ಮಟಕ್ಕೆ ಬಣ್ಣದ ಗಾಜಿನ ಕಿಟಕಿಗಳು, ತುದಿಯಲ್ಲಿ ಚಿನ್ನದ ಲೇಪದ ಕಳಸ. ಬಿಸಿಲು ಏರಿದಂತೆ ಆ ಬಣ್ಣಗಳು ಒಳಗೆ ಇಳಿಯುತ್ತವೆ. ನಾಟ್ಯಕ್ಕೆಂದೇ ಮೀಸಲಾದ ಹಜಾರಗಳಿವೆ. ಕೆತ್ತನೆಯ ಮರದ ಕಂಬಗಳು, ಪುರಾಣದ ಆಕೃತಿಗಳು, ಒಂದರಂತೆ ಇನ್ನೊಂದಿಲ್ಲವೆನಿಸುವ ಬಾಗಿಲುಗಳು.

ಮದುವೆಯ ದಿನ ತವರುಮನೆ ಸುಟ್ಟುಹೋದದ್ದನ್ನು ಕಂಡ ಹೆಣ್ಣುಮಗಳ ಸ್ವಂತ ಮನೆಯ ನಟ್ಟನಡುವೆ ಒಂದು ಕಲ್ಯಾಣ ಮಂಟಪ! ಅರಸು ಮನೆಗಳಲ್ಲಿ ಮದುವೆ, ನಾಮಕರಣ, ವ್ರತಗಳಿಗೆ ಇಂಥ ಜಾಗ ಬೇಕೇ ಬೇಕು, ಅದು ವಾಡಿಕೆ. ಆದರೂ ಆ ಗುಮ್ಮಟವನ್ನು ನೋಡುವಾಗ 1897 ನೆನಪಾಗದೆ ಇರದು.

ಹೊರಗೊಂದು ಮುಖ, ಒಳಗೊಂದು ಬದುಕು ಏಕೆ? ಉತ್ತರ ರಾಜಕೀಯದಲ್ಲಿದೆ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕಸಿದುಕೊಂಡರು. ಅರ್ಧ ಶತಮಾನದ ಮೇಲೆ, 1881ರಲ್ಲಿ, ಷರತ್ತು ಹಾಕಿ ಹಿಂತಿರುಗಿಸಿದರು. ಕೊಟ್ಟದ್ದನ್ನು ಮತ್ತೆ ಕಿತ್ತುಕೊಳ್ಳಬಹುದು ಎಂಬ ಎಚ್ಚರಿಕೆ ಒಡೆಯರಿಗೆ ಸದಾ ಇತ್ತು. ಬ್ರಿಟಿಷ್ ರೆಸಿಡೆಂಟರು ಪಕ್ಕದಲ್ಲೇ ಕೂತಿದ್ದರು. ನಾವು ನಿಮ್ಮಷ್ಟೇ ನಾಗರಿಕರು, ನಿಮ್ಮಷ್ಟೇ ಆಧುನಿಕರು ಎಂದು ಹೇಳುವುದಕ್ಕೆ ಮನೆಯ ಮುಂಭಾಗದಷ್ಟು ಗಟ್ಟಿ ದನಿ ಬೇರೆ ಯಾವುದಕ್ಕಿತ್ತು? ಮನೆಯೊಳಗಿನ ಮಡಿ, ಪೂಜೆ, ಮದುವೆಗಳನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ.

ಮುಂದೆ 1921ರಲ್ಲಿ ವೈಸ್‌ರಾಯ್ ಅತಿಥಿಗಳಿಗೆಂದೇ ಲಲಿತಮಹಲಿಗೆ ಅಡಿಗಲ್ಲು ಹಾಕಿದಾಗ ಈ ಯುರೋಪಿನ ವೇಷ ಪೂರ್ತಿಯಾಯಿತು. ಬೊಂಬಾಯಿಯ ವಾಸ್ತುಶಿಲ್ಪಿ ಇ.ಡಬ್ಲ್ಯೂ. ಫ್ರಿಚ್ಲಿ ಅದಕ್ಕೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ನೆನಪಿಸುವ ಗುಮ್ಮಟವಿಟ್ಟರು. ಲಲಿತಮಹಲು ಅತಿಥಿಗಳ ಬಿಡಾರ. ಜಯಲಕ್ಷ್ಮೀ ವಿಲಾಸ ಸಂಸಾರ ನಡೆದ ಮನೆ. ನನಗೆ ಎರಡನೆಯದೇ ಹೆಚ್ಚು ಇಷ್ಟ.

■ ಅಂಕಿಯಲ್ಲಿ ಮನೆ
*ಕಟ್ಟಿದ್ದು: 1905. ವೆಚ್ಚ: ಸುಮಾರು 7 ಲಕ್ಷ ರೂಪಾಯಿ. ವಿಸ್ತಾರ: 6 ಎಕರೆ. ಮುಖ್ಯ ಕೋಣೆಗಳು 125, ನಾಟ್ಯದ ಹಜಾರಗಳೂ ಕಲ್ಯಾಣ ಮಂಟಪವೂ ಇದರಲ್ಲಿ ಸೇರಿಲ್ಲ. ಕಿಟಕಿಗಳು 300. ಕೆತ್ತನೆಯ ಬಾಗಿಲುಗಳು 287.*

ಮನೆಯ ಯಜಮಾನ

ರಾಜಕುಮಾರಿಯ ಗಂಡನೆಂದು ಮಾತ್ರ ಕಾಂತರಾಜ ಅರಸರನ್ನು ನೆನೆದರೆ ಅನ್ಯಾಯವಾಗುತ್ತದೆ. 1918ರ ಕೊನೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟಾಗ ಆ ಹುದ್ದೆಗೆ ಬಂದವರು ಇವರೇ.

ವಿಶ್ವೇಶ್ವರಯ್ಯನವರು ಹೊರಟ ಹಿನ್ನೆಲೆ ನಾಡಿಗೆಲ್ಲ ಗೊತ್ತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ, ಹಿಂದುಳಿದವರಿಗೆ ಪಾಲು ಸಿಗಬೇಕೆಂಬ ಕೂಗು ಎದ್ದಿತ್ತು. ಅದನ್ನು ಪರಿಶೀಲಿಸಲು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನಾಲ್ವಡಿಯವರು ಸಮಿತಿ ನೇಮಿಸಿದರು. ದಿವಾನರಿಗೆ ಅದು ಒಪ್ಪಿಗೆಯಾಗಲಿಲ್ಲ. ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. 1921ರಲ್ಲಿ, ಕಾಂತರಾಜ ಅರಸರು ದಿವಾನರಾಗಿದ್ದಾಗ, ಹಿಂದುಳಿದ ವರ್ಗಗಳಿಗೆ ನೌಕರಿಯಲ್ಲಿ ಆದ್ಯತೆ ಕೊಡುವ ಸರ್ಕಾರಿ ಆದೇಶ ಹೊರಬಿತ್ತು.

ಮೀಸಲಾತಿಯ ಚರಿತ್ರೆ ಬರೆಯುವವರು ಮಿಲ್ಲರ್ ಹೆಸರನ್ನೂ ನಾಲ್ವಡಿಯವರ ಹೆಸರನ್ನೂ ತಪ್ಪದೆ ಬರೆಯುತ್ತಾರೆ. ಆ ಆದೇಶದ ಕಾಲದ ದಿವಾನರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. 1922ರಲ್ಲಿ ಅವರು ಹುದ್ದೆ ಬಿಟ್ಟರು, 1923ರಲ್ಲಿ ತೀರಿಕೊಂಡರು. ಸರಸ್ವತಿಪುರಂನ ಕಾಂತರಾಜ ಅರಸ್ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಈ ಕಥೆ ಬಲ್ಲವರು ಕಡಿಮೆ. ಜಯಲಕ್ಷ್ಮೀ ವಿಲಾಸದ ಒಂದು ಕೋಣೆಯಲ್ಲಾದರೂ 1921ರ ಆದೇಶದ ಪ್ರತಿಯೊಂದನ್ನು ತೂಗುಹಾಕಬೇಕು. ಅರಮನೆ ಎಂದರೆ ಬರೀ ಝಗಮಗ ಎಂದುಕೊಂಡು ಬರುವ ಹುಡುಗರಿಗೆ ಅದು ಬೇರೆಯದೇ ಒಂದು ಬಾಗಿಲು ತೆರೆದೀತು.

ಕುವೆಂಪು ಕಂಡ ಗಂಗೋತ್ರಿ

ಸಂಸ್ಥಾನಗಳು ಹೋದವು. ನೂರಾರು ಕೋಣೆಯ ಮನೆಗಳನ್ನು ಗುಡಿಸಿ ಸಾರಿಸಲು ಜನವೂ ಇಲ್ಲ, ಹಣವೂ ಇಲ್ಲ ಎನ್ನುವ ಕಾಲ ಬಂತು. ಭಾರತದ ಎಷ್ಟೋ ಊರುಗಳಲ್ಲಿ ಇಂಥ ಮನೆಗಳು ಪಾಳುಬಿದ್ದವು, ಇಲ್ಲವೇ ನಿವೇಶನಗಳಾಗಿ ಹರಿದು ಹಂಚಿಹೋದವು.

ಮೈಸೂರಿನಲ್ಲಿ ಹಾಗಾಗದಿರಲು ಒಂದು ಕಾರಣ, ಸಾರ್ವಜನಿಕ ಸಂಸ್ಥೆಗಳು ಸಕಾಲಕ್ಕೆ ಅವುಗಳ ಒಳಹೊಕ್ಕವು. ಚೆಲುವಾಂಬ ಮ್ಯಾನ್ಷನ್‌ಗೆ ವಿಜ್ಞಾನಿಗಳು ಬಂದರು. ಕಾರಂಜಿಗೆ ಅಂಚೆಯವರು ಬಂದರು. ಜಯಲಕ್ಷ್ಮೀ ವಿಲಾಸಕ್ಕೆ ವಿಶ್ವವಿದ್ಯಾಲಯ ಬಂತು.

1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಕುವೆಂಪು. ಸ್ನಾತಕೋತ್ತರ ವಿಭಾಗಗಳನ್ನು ಊರ ಗದ್ದಲದಿಂದ ಆಚೆ ಒಂದೇ ಆವರಣಕ್ಕೆ ತರಬೇಕೆಂಬುದು ಅವರ ಹಂಬಲ. ಕುಕ್ಕರಹಳ್ಳಿ ಕೆರೆ ಅವರು ನಡೆದಾಡಿದ, ಹಾಡಿದ ಜಾಗ. ಅದರ ಮೇಲಿನ ದಿಬ್ಬವೂ ಅಲ್ಲಿನ ಮನೆಯೂ ಸುತ್ತಲಿನ ನೆಲವೂ ವಿಶ್ವವಿದ್ಯಾಲಯಕ್ಕೆ ಸೇರಿದವು. ಆವರಣಕ್ಕೆ ಕವಿಯೇ ಹೆಸರಿಟ್ಟರು: ಮಾನಸಗಂಗೋತ್ರಿ.

ಒಂದು ವಿಶ್ವವಿದ್ಯಾಲಯದ ಅಂಗಳ ಕವಿಯೊಬ್ಬನಿಂದ ಹೆಸರು ಪಡೆಯುವುದೇ ಅಪರೂಪ. ಮಲೆನಾಡಿನ ಹಳ್ಳಿಯಿಂದ ಬಂದ ರೈತನ ಮಗ ಮಹಾರಾಜರ ಅಕ್ಕನ ಮನೆಯ ದಿಬ್ಬವನ್ನು ಓದುವ ಮಕ್ಕಳಿಗೆ ಕೊಡಿಸಿದ ಎಂಬುದು ನನ್ನ ಮಟ್ಟಿಗೆ ಇನ್ನೂ ದೊಡ್ಡದು.

ರಾಜಕುಮಾರಿಯ ಕೋಣೆಗೆ ನೇಗಿಲು

ಆ ಮನೆಗೆ ಎರಡನೆಯ ಹುಟ್ಟು ಕೊಟ್ಟದ್ದು 1968ರಲ್ಲಿ ಅಲ್ಲಿ ಆರಂಭವಾದ ಜಾನಪದ ವಸ್ತುಸಂಗ್ರಹಾಲಯ. ಅದರ ಹಿಂದೆ ದೇ. ಜವರೇಗೌಡರ ಹಟ, ಜೀ.ಶಂ. ಪರಮಶಿವಯ್ಯನವರ ವಿದ್ವತ್ತು, ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ಕಣ್ಣು ಮತ್ತು ಕಾಲು ಇದ್ದವು. ಕಾಲು ಎಂದದ್ದು ಏಕೆಂದರೆ, ಊರೂರು ಅಲೆಯದೆ ಕೂಡುವ ಸಂಗ್ರಹ ಅದಲ್ಲ.

ಹಳ್ಳಿಗಳಲ್ಲಿ ಆಗ ಅಟ್ಟ ಖಾಲಿ ಮಾಡುವ ಕಾಲ. ಸ್ಟೀಲು ಬಂದಿತ್ತು, ಪ್ಲಾಸ್ಟಿಕ್ಕು ಹೊಸ್ತಿಲಲ್ಲಿತ್ತು. ಕೊಳಗ, ಸೇರು, ಪಾವುಗಳು ಮೆಟ್ರಿಕ್ ಅಳತೆ ಬಂದ ಮೇಲೆ ಮೂಲೆಗೆ ಬಿದ್ದಿದ್ದವು. ಯಾರಿಗೂ ಬೇಡವಾಗಿ ಒಲೆಗೆ ಹೋಗಬೇಕಾದ ಮರದ ಸಾಮಾನನ್ನು ಇವರು ಕೇಳಿ, ಬೇಡಿ, ಹೊತ್ತು ತಂದರು. ಒಟ್ಟು ಆರೂವರೆ ಸಾವಿರಕ್ಕೂ ಹೆಚ್ಚು ವಸ್ತುಗಳು ಸೇರಿದವು.

ತೊಗಲುಬೊಂಬೆಗಳು ಬಂದವು. ಯಕ್ಷಗಾನದ ಕಿರೀಟ, ಎದೆಕಟ್ಟು ಬಂದವು. ಸೋಮನ ಕುಣಿತದ ಕೆಂಪು ಮೊಗ, ದಪ್ಪ ಕಣ್ಣಿನ ಸೋಮ ಬಂದ. ಆಳೆತ್ತರ ಮೀರಿದ ದೊಡ್ಡ ಬೊಂಬೆಗಳಿಗೆ ಒಂದು ಭಾಗವನ್ನೇ ಬಿಟ್ಟುಕೊಡಬೇಕಾಯಿತು. ನೇಗಿಲು, ಕೂರಿಗೆ, ಒನಕೆ, ದೀಪದ ಕಂಬ, ಒಡವೆ, ಆಯುಧ, ಎಲ್ಲಕ್ಕೂ ಜಾಗ ಸಿಕ್ಕಿತು. ಸಾಹಿತಿಗಳ ವಸ್ತುಗಳಿಗೂ ಒಂದು ವಿಭಾಗವಾಯಿತು, ಅಲ್ಲಿ ಕುವೆಂಪು, ಶಿವರಾಮ ಕಾರಂತರಂಥವರ ಬಳಕೆಯ ವಸ್ತುಗಳು ಬಂದು ಕೂತವು.

ಯೋಚಿಸಿ. ಕಟ್ಟಿದ ಕಾಲಕ್ಕೆ ಈ ಮನೆಯ ಮುಂಬಾಗಿಲಿನಿಂದ ಒಳಗೆ ಬರುವ ಧೈರ್ಯ ಸೋಮನ ಕುಣಿತದ ಕಲಾವಿದನಿಗೆ ಇದ್ದೀತೇ? ಕೊರಿಂಥಿಯನ್ ಕಂಬದ ನೆರಳಲ್ಲಿ ಬಿದಿರಿನ ಕುಕ್ಕೆ, ಬಣ್ಣದ ಗಾಜಿನ ಬೆಳಕಿನಲ್ಲಿ ರಾಗಿಕಲ್ಲು. ಒಂದು ನಾಡು ತನ್ನ ದೊಡ್ಡ ಮನೆಯನ್ನು ತನ್ನ ಸಣ್ಣ ವಸ್ತುಗಳಿಗೆ ಬಿಟ್ಟುಕೊಟ್ಟ ಇಂಥ ಉದಾಹರಣೆ ನನಗೆ ಬೇರೆ ಹೊಳೆಯುತ್ತಿಲ್ಲ. ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಇದೇ ಸಂಗ್ರಹಕ್ಕೆ ಹೊಸ ಕಾಂಕ್ರೀಟ್ ಕಟ್ಟಡ ಕಟ್ಟಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ.

ಶತ್ರು ಮೇಲಿನಿಂದ ಬರುತ್ತದೆ

ಪ್ರತಿ ವರ್ಷ ಮಳೆಗಾಲ ಮುಗಿಯುತ್ತ ಬಂದಂತೆ ದಸರೆಗೆ ಊರು ಸುಣ್ಣಬಣ್ಣ ಬಳಿದುಕೊಳ್ಳುತ್ತದೆ. ಹಳೆಯ ಕಟ್ಟಡಗಳ ಬಗ್ಗೆ ಮಾತಾಡಲು ಅದೇ ಸರಿಯಾದ ಹೊತ್ತು. ಏಕೆಂದರೆ ಅರಮನೆಯನ್ನು ಬೆಂಕಿ ಒಂದೇ ದಿನದಲ್ಲಿ ತಿಂದರೆ, ಗಾರೆಯ ಮನೆಗಳನ್ನು ನೀರು ವರ್ಷ ವರ್ಷವೂ ತಿನ್ನುತ್ತದೆ.

ಆ ಕಾಲದ ಮೈಸೂರಿನ ಕಟ್ಟಡಗಳ ಮೇಲೆ ಸಾಮಾನ್ಯವಾಗಿ ಇರುವುದು ಮದ್ರಾಸ್ ತಾರಸಿ. ಸಾಲಾಗಿ ತೇಗದ ತೊಲೆಗಳು. ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಗಾರೆಯಲ್ಲಿ ಕಟ್ಟುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಹಾಸು, ಕೊಡತಿಯಿಂದ ಬಡಿದು ಬಡಿದು ಗಟ್ಟಿಮಾಡಿದ್ದು. ಕೊನೆಗೆ ಚಪ್ಪಟೆ ಹೆಂಚು. ಬಿಸಿಲಿಗೆ ಒಳಗೆ ತಂಪು, ಚಳಿಗೆ ಬೆಚ್ಚಗೆ. ನೂರು ವರ್ಷ ಬಾಳುವ ತಾರಸಿ ಅದು.

ಬಾಳುವುದು ಯಾರಾದರೂ ವರ್ಷಕ್ಕೊಮ್ಮೆ ಮೇಲೆ ಹತ್ತಿದರೆ ಮಾತ್ರ. ಹಕ್ಕಿ ತಿಂದು ಹಾಕಿದ ಅರಳಿಯ ಬೀಜ ಹೆಂಚಿನ ಸಂದಿನಲ್ಲಿ ಮೊಳೆಯುತ್ತದೆ. ಮೊದಲ ವರ್ಷ ಎರಡು ಬೆರಳಲ್ಲಿ ಕೀಳಬಹುದು. ಐದನೆಯ ವರ್ಷ ಬೇರು ಗೋಡೆಯೊಳಗೆ ಇಳಿದಿರುತ್ತದೆ, ಕಿತ್ತರೆ ಗೋಡೆಯೂ ಬರುತ್ತದೆ. ಮಳೆನೀರಿನ ಕೊಳವೆಗೆ ಎಲೆ ಕಟ್ಟಿಕೊಂಡರೆ ನೀರು ತಾರಸಿಯಲ್ಲಿ ನಿಂತು ಗಾರೆಗೆ ಜಿನುಗುತ್ತದೆ, ಗಾರೆಯಿಂದ ತೊಲೆಯ ತುದಿಗೆ ಹೋಗುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹುದುಗಿರುವುದರಿಂದ ಅದು ಕೊಳೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಿದ್ದ ದಿನವೇ ಗೊತ್ತಾಗುವುದು.

ಮೈಸೂರಿಗೆ ಈ ಪಾಠ ಬಹಳ ದುಬಾರಿಯಾಗಿ ಸಿಕ್ಕಿದೆ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಬದಿ ಬಿತ್ತು. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಕಟ್ಟಡ ಕುಸಿಯಿತು. ತಿಂಗಳುಗಳನ್ನು ಗಮನಿಸಿ. ಎಲ್ಲವೂ ಮಳೆಯ ಹೊತ್ತೇ.

ಇನ್ನೊಂದು ಶತ್ರು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ: ಸಿಮೆಂಟು. ಬಿರುಕು ಕಂಡ ಕೂಡಲೇ ಒಂದು ಮೂಟೆ ಸಿಮೆಂಟು ತಂದು ಬಳಿಯುವುದು ಸುಲಭ, ಅಗ್ಗ. ಆದರೆ ಗಾರೆಯ ಗೋಡೆ ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟಿನ ಗಡುಸು ಪದರ ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಸಿಕ್ಕಿ ಹಳೆಯ ಇಟ್ಟಿಗೆ ಪುಡಿಯಾಗುತ್ತದೆ. ಗೋಡೆ ನೋಡಲು ಗಟ್ಟಿಯಾಗಿ ಕಾಣುತ್ತಲೇ ಒಳಗೊಳಗೆ ಟೊಳ್ಳಾಗುತ್ತದೆ.

■ ಗಾರೆ ಹೇಗೆ ಅರೆಯುತ್ತಿದ್ದರು?
*ಸುಣ್ಣದಕಲ್ಲು ಸುಟ್ಟು, ನೀರು ಹೊಯ್ದು ಅರಳಿಸಿ, ಗುಂಡಿಯಲ್ಲಿ ವಾರಗಟ್ಟಲೆ ಕಳಿಯಲು ಬಿಡುತ್ತಿದ್ದರು. ಆ ಮೇಲೆ ಮರಳು ಇಲ್ಲವೇ ಇಟ್ಟಿಗೆ ಪುಡಿ ಸೇರಿಸಿ ಎತ್ತು ತಿರುಗಿಸುವ ಗಾಣದಲ್ಲಿ ಅರೆಯುತ್ತಿದ್ದರು. ಗಟ್ಟಿಯಾಗಲೆಂದು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಕೊನೆಯ ನುಣುಪು ಪದರಕ್ಕೆ ಮೊಟ್ಟೆಯ ಬಿಳಿಯನ್ನು ಬೆರೆಸಿ, ನಯವಾದ ಕಲ್ಲಿನಿಂದ ತಿಕ್ಕಿ ತಿಕ್ಕಿ ಹೊಳಪು ತರುತ್ತಿದ್ದರು. ಅವಸರಕ್ಕೆ ಒಗ್ಗುವ ಕೆಲಸ ಅಲ್ಲ.*

ಇಪ್ಪತ್ತು ವರ್ಷಕ್ಕೊಮ್ಮೆ ಬರುವ ಕಾಳಜಿ

ಜಯಲಕ್ಷ್ಮೀ ವಿಲಾಸವನ್ನು ಯಾರೂ ಕೈಬಿಟ್ಟೇ ಇಲ್ಲ ಎಂಬುದನ್ನೂ ಹೇಳಬೇಕು. 2000ದ ದಶಕದ ಆರಂಭದಲ್ಲಿ ಇನ್ಫೊಸಿಸ್ ಪ್ರತಿಷ್ಠಾನ 1.17 ಕೋಟಿ ರೂಪಾಯಿ ಕೊಟ್ಟು ದೊಡ್ಡ ದುರಸ್ತಿ ಮಾಡಿಸಿತು. ಮನೆ ಮತ್ತೆ ಮಿರುಗಿತು. ನೋಡಲು ಜನ ಬಂದರು, ಪತ್ರಿಕೆಗಳಲ್ಲಿ ಬಣ್ಣದ ಚಿತ್ರಗಳು ಬಂದವು.

ಆ ಮೇಲೆ? ಮಳೆ ತನ್ನ ಕೆಲಸ ಮುಂದುವರಿಸಿತು. ಎರಡು ದಶಕ ಕಳೆಯುವಷ್ಟರಲ್ಲಿ ಮತ್ತೆ ಸೋರಿಕೆ, ಮತ್ತೆ ಬಿರುಕು. ಸಂಗ್ರಹಾಲಯದ ಬಾಗಿಲು ಜನರಿಗೆ ಮುಚ್ಚಿತು. ಆ ಬಳಿಕ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿ ಕಟ್ಟಡದ ಪಶ್ಚಿಮ ಭಾಗದ ಸಂರಕ್ಷಣೆಗೆ ನೆರವಾಗಲು ಮುಂದೆ ಬಂತು. ಸಂತೋಷ. ಬಂದ ನೆರವನ್ನು ಕಣ್ಣಿಗೊತ್ತಿಕೊಳ್ಳೋಣ.

ಆದರೆ ನನ್ನನ್ನು ಕಾಡುವ ಪ್ರಶ್ನೆ ಕೋಟಿಗಳದ್ದಲ್ಲ. ದುರಸ್ತಿ ಮುಗಿದ ಮರುವರ್ಷದ್ದು. ಉದ್ಘಾಟನೆಗೆ ದಾನಿಗಳು ಸಿಗುತ್ತಾರೆ, ಅಡಿಗಲ್ಲಿನಲ್ಲಿ ಹೆಸರು ಕೆತ್ತಿಸಬಹುದು. ತಾರಸಿಯ ಕಸ ಗುಡಿಸುವುದಕ್ಕೆ ಯಾವ ದಾನಿಯೂ ಮುಂದೆ ಬರುವುದಿಲ್ಲ. ಚೆಲುವಾಂಬ ಮ್ಯಾನ್ಷನ್ ಇವತ್ತಿಗೂ ನೆಟ್ಟಗೆ ನಿಂತಿದ್ದರೆ ಅದಕ್ಕೆ ಕಾರಣವಿದೆ: ಅದರೊಳಗೆ ದಿನವೂ ಜನ ಕೂತು ಕೆಲಸ ಮಾಡುತ್ತಾರೆ, ಸೋರಿದರೆ ಅವತ್ತೇ ಯಾರದ್ದೋ ಮೇಜಿನ ಮೇಲೆ ಹನಿ ಬೀಳುತ್ತದೆ, ಅವತ್ತೇ ದೂರು ಹೋಗುತ್ತದೆ. ಬೀಗ ಹಾಕಿದ ಕೋಣೆಯಲ್ಲಿ ಹನಿ ಬಿದ್ದರೆ ಕೇಳುವವರಾರು?

ಹಾಗಾಗಿ ಪಶ್ಚಿಮ ಭಾಗದ ಕೆಲಸ ಮುಗಿದ ಕೂಡಲೇ ಅಲ್ಲಿಗೆ ಜನ ಮರಳಬೇಕು. ಜಾನಪದ ಓದುವ ವಿದ್ಯಾರ್ಥಿಗಳ ತರಗತಿ ಅಲ್ಲೇ ನಡೆಯಲಿ. ತೊಗಲುಬೊಂಬೆಯವರು, ಸೋಮನ ಕುಣಿತದವರು ತಿಂಗಳಿಗೊಮ್ಮೆಯಾದರೂ ನಾಟ್ಯದ ಹಜಾರದಲ್ಲಿ ಆಡಲಿ. ದುರಸ್ತಿಯ ಹೊತ್ತಿನಲ್ಲೇ ಹತ್ತು ಹುಡುಗರಿಗೆ ಗಾರೆ ಕೆಲಸ ಕಲಿಸಲಿ, ಏಕೆಂದರೆ ಮೈಸೂರಿನ ಉಳಿದ ಹಳೆಯ ಕಟ್ಟಡಗಳಿಗೂ ನಾಳೆ ಆ ಕೈಗಳೇ ಬೇಕು. ದಸರೆಯ ಪ್ರವಾಸಿ ಬಸ್ಸುಗಳ ಪಟ್ಟಿಯಲ್ಲಿ ಅರಮನೆ, ಮೃಗಾಲಯ, ಬೆಟ್ಟದ ಜೊತೆ ಈ ದಿಬ್ಬದ ಹೆಸರೂ ಸೇರಲಿ.

ಇವೆಲ್ಲಕ್ಕಿಂತ ಮೊದಲು, ತಾರಸಿ ಗುಡಿಸುವ, ಅರಳಿಯ ಸಸಿ ಕೀಳುವ, ಕೊಳವೆಯ ಎಲೆ ತೆಗೆಯುವ ನಾಲ್ಕು ಜನರ ಸಂಬಳ ವಿಶ್ವವಿದ್ಯಾಲಯದ ವಾರ್ಷಿಕ ಬಜೆಟ್ಟಿನಲ್ಲಿ ಒಂದು ಕಾಯಂ ಸಾಲಾಗಿ ಬರಬೇಕು. ಮೇ ತಿಂಗಳ ಕೊನೆಗೆ ಅವರು ಏಣಿ ಹತ್ತಿ ಕೆಲಸ ಮುಗಿಸಿರಬೇಕು. ಜೂನಿನಲ್ಲಿ ಮುಂಗಾರು ಬಂದುಬಿಡುತ್ತದೆ.